ಸ್ವಂತ ಕಲಾಕೃತಿಗಳನ್ನು ಹೊರಾಂಗಣದ ದಿನಬಳಕೆಯ ಜಾಗಗಳಲ್ಲಿಟ್ಟು ಛಾಯಾಚಿತ್ರ ತೆಗೆಯುವುದು ಹೇಗೆ?

ಬಣ್ಣದಹಾಳೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕಾಗದದ ಮೇಲೆ ಜಲವರ್ಣದಲ್ಲಿಯೂ ಸಣ್ಣ ಕ್ಯಾನ್ವಾಸುಗಳ ಮೇಲೆ ಆಕ್ರಿಲಿಕ್‌ನಲ್ಲಿಯೂ ಚಿತ್ರ ಬರೆಯುತ್ತೇನೆ. ಅವುಗಳ ಛಾಯಾಚಿತ್ರಗಳನ್ನು ಕೋಣೆಯೊಳಗೆ ಬಿಳಿ ಗೋಡೆಯ ಮುಂದಿಟ್ಟು ತೆಗೆಯುವುದು ನನ್ನ ರೂಢಿ. ಬಣ್ಣ ಸರಿಯಾಗಿಯೇ ಬರುತ್ತದೆ. ಆದರೆ ಆ ಛಾಯಾಚಿತ್ರವನ್ನು ನೋಡಿದವರಿಗೆ ಕೃತಿ ಅಂಗೈಯಷ್ಟಿದೆಯೋ ಬಾಗಿಲಿನಷ್ಟಿದೆಯೋ ತಿಳಿಯುವುದಿಲ್ಲ. ಕಾಗದದ ಒರಟು ಅಂಚಾಗಲಿ ಕ್ಯಾನ್ವಾಸಿನ ದಪ್ಪವಾಗಲಿ ಕಾಣುವುದಿಲ್ಲ. ಹೀಗಾಗಿ ಮೆಟ್ಟಿಲ ಮೇಲೆ, ಮರದ ಬೆಂಚಿನ ಮೇಲೆ, ಬಣ್ಣ ಮಾಸಿದ ಗೋಡೆಗೆ ಒರಗಿಸಿ, ಹೀಗೆ ಜನ ದಿನವೂ ಓಡಾಡುವ ಜಾಗಗಳಲ್ಲಿ ಅವನ್ನು ಇಟ್ಟು ಛಾಯಾಚಿತ್ರ ತೆಗೆಯಬೇಕೆಂದುಕೊಂಡಿದ್ದೇನೆ.

ಮೊದಲ ಪ್ರಯತ್ನಗಳಲ್ಲಿ ಕಂಡ ತೊಡಕುಗಳು ಇವು. ಬಿಸಿಲಿನಲ್ಲಿ ತೆಗೆದಾಗ ವಾರ್ನಿಷ್ ಹಚ್ಚಿದ ಚಿತ್ರದ ಅರ್ಧ ಭಾಗ ಬಿಳಿಯ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ. ನೆರಳಿಗೆ ತಂದರೆ ಕಾಗದದ ಬಿಳಿ ನೀಲಿಗೆ ತಿರುಗುತ್ತದೆ. ಎಲೆಗಳ ಮುಂದೆ ಇಟ್ಟರೆ ನೋಡುವವರ ಕಣ್ಣು ಚಿತ್ರದ ಮೇಲೆ ನಿಲ್ಲದೆ ಎಲೆಗಳಲ್ಲಿಯೇ ಅಲೆಯುತ್ತದೆ. ಇವುಗಳಿಗೆ ಪರಿಹಾರವೇನು? ಇದರ ಜೊತೆಗೆ, ಕೃತಿಯನ್ನು ಕೊಳ್ಳಬೇಕೆಂದಿರುವವರಿಗೆ ಇಂತಹ ಛಾಯಾಚಿತ್ರವನ್ನು ತೋರಿಸುವುದು ಸರಿಯೇ, ಅಥವಾ ಅದು ಅವರಿಗೆ ತಪ್ಪು ಕಲ್ಪನೆ ಕೊಡುತ್ತದೆಯೇ ಎಂಬುದನ್ನೂ ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ನೆರಳುಬೆಳಕು:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಪ್ರತಿಯೊಂದು ಕೃತಿಗೂ ಎರಡು ಬಗೆಯ ಛಾಯಾಚಿತ್ರಗಳು ಬೇಕು. ಒಂದು ದಾಖಲೆಯ ಚಿತ್ರ: ಸಮನಾದ ಬೆಳಕಿನಲ್ಲಿ, ನೇರವಾಗಿ ಎದುರಿನಿಂದ, ಅಂಚಿನಿಂದ ಅಂಚಿನವರೆಗೆ ತೆಗೆದದ್ದು, ಬಣ್ಣ ಹೇಗಿದೆ ಎಂದು ತಿಳಿಸುವುದು ಅದರ ಕೆಲಸ. ಇನ್ನೊಂದು ನೀವೀಗ ಮಾಡಹೊರಟಿರುವುದು: ಕೃತಿಯ ಗಾತ್ರ, ದಪ್ಪ, ಮೇಲ್ಮೈ, ಬೇರೆ ವಸ್ತುಗಳ ನಡುವೆ ಅದು ಇರುವ ರೀತಿ, ಇವನ್ನು ತಿಳಿಸುವುದು. ಎರಡನೆಯದರಿಂದ ಮೊದಲನೆಯದರ ಕೆಲಸ ಮಾಡಿಸಲು ಹೋದಾಗಲೇ ತಪ್ಪು ಕಲ್ಪನೆ ಹುಟ್ಟುತ್ತದೆ. ಕೊಳ್ಳುವವರಿಗೆ ಎರಡನ್ನೂ ಒಟ್ಟಿಗೆ ತೋರಿಸಿ, ಕೆಳಗೆ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದರೆ ಯಾರೂ ಮೋಸಹೋಗುವುದಿಲ್ಲ.

ಇನ್ನು ಬೆಳಕು. ಚಿತ್ರಗಳ ಮಟ್ಟಿಗೆ ತೆಳುವಾಗಿ ಮೋಡ ಮುಸುಕಿದ ದಿನಕ್ಕಿಂತ ಒಳ್ಳೆಯ ಬೆಳಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಗ ಇಡೀ ಆಕಾಶವೇ ಒಂದು ದೊಡ್ಡ ದೀಪವಾಗುತ್ತದೆ. ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಚೌಕಟ್ಟಿನ ನೆರಳು ಚಿತ್ರದ ಮೇಲೆ ಗಡುಸಾಗಿ ಬೀಳುವುದಿಲ್ಲ. ಬೆಳಗಿನ ಮತ್ತು ಸಂಜೆಯ ಹೊನ್ನಿನ ಬೆಳಕನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅದು ಭೂದೃಶ್ಯಕ್ಕೆ ಕೊಡುವ ಚೆಲುವನ್ನೇ ಚಿತ್ರದ ಮೇಲೆ ಹೇರುತ್ತದೆ, ನೀವು ಹಚ್ಚದ ಕಿತ್ತಳೆ ಬಣ್ಣವನ್ನು ತಾನೇ ಹಚ್ಚುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ, ತಗ್ಗಿದಷ್ಟೂ ಕಿತ್ತಳೆಯತ್ತ ವಾಲುತ್ತದೆ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್, ಮೋಡದ ಬೆಳಕು ಸುಮಾರು 6500, ಸೂರ್ಯ ಮುಳುಗುವ ಹೊತ್ತಿನ ಬಿಸಿಲು 3000ದ ಆಸುಪಾಸು. ತಿಳಿ ಆಕಾಶದ ಕೆಳಗಿನ ನೆರಳಿಗೆ ಬೆಳಕು ಬರುವುದು ಸೂರ್ಯನಿಂದಲ್ಲ, ನೀಲಿ ಆಕಾಶದಿಂದ. ಆದ್ದರಿಂದ ಅಲ್ಲಿನ ಅಂಕಿ 8000 ಕೆಲ್ವಿನ್ ಅಥವಾ ಅದಕ್ಕೂ ಹೆಚ್ಚು. ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ತಾನಾಗಿಯೇ ಹೊಂದಿಕೊಂಡು ಕಾಗದವನ್ನು ಬಿಳಿಯಾಗಿಯೇ ಕಾಣುತ್ತದೆ, ಕ್ಯಾಮೆರಾ ಹಾಗೆ ಹೊಂದಿಕೊಳ್ಳುವಲ್ಲಿ ಆಗಾಗ ಸೋಲುತ್ತದೆ. ನಿಮ್ಮ ಕಾಗದ ನೀಲಿಯಾಗಿ ಕಂಡದ್ದು ಇದರಿಂದಲೇ. ಚಿತ್ರವಿಟ್ಟ ಜಾಗದಲ್ಲಿಯೇ, ಅದೇ ಬೆಳಕಿನಲ್ಲಿ, ಒಂದು ಗ್ರೇ ಕಾರ್ಡನ್ನು (ಬೇರೆ ಬಣ್ಣದ ಛಾಯೆಯಿಲ್ಲದ ಬೂದು ರಟ್ಟು) ಹಿಡಿದು ಮೊದಲ ಫೋಟೊ ತೆಗೆದುಕೊಳ್ಳಿ. ಕ್ಯಾಮೆರಾದಲ್ಲಿ ಅದರಿಂದಲೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವಂತೆ ಮಾಡುವ ಹೊಂದಾಣಿಕೆ) ನಿಗದಿಪಡಿಸಬಹುದು, ಅಥವಾ ರಾ ಕಡತವನ್ನು (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ತೆಗೆದಿಟ್ಟುಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಅರ್ಧ ಚಿತ್ರ ಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿ ಇರುವಂತೆ ಮಾತ್ರ ಇಡಬೇಡಿ. ಎರಡು ಬಣ್ಣದ ಬೆಳಕು ಒಂದೇ ಹಾಳೆಯ ಮೇಲೆ ಬಿದ್ದರೆ ಯಾವ ಒಂದು ತಿದ್ದುಪಡಿಯೂ ಎರಡಕ್ಕೂ ಹೊಂದುವುದಿಲ್ಲ.

ಹೊರಗೆ ಬೆಳಕು ನೆಲದಿಂದಲೂ ಬರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಹಸಿರು ಹುಲ್ಲಿನ ಮೇಲೆ ನಿಲ್ಲಿಸಿದ ಬಿಳಿ ಕಾಗದದ ಕೆಳಭಾಗಕ್ಕೆ ಹಸಿರು ಛಾಯೆ ಬರುತ್ತದೆ. ಕೆಂಪು ಇಟ್ಟಿಗೆಯ ನೆಲ ಅದೇ ರೀತಿ ಕೆಂಪನ್ನು ಎರಚುತ್ತದೆ. ಛಾಯಾಚಿತ್ರದ ಚೌಕಟ್ಟಿಗೆ ಬಾರದಂತೆ ಚಿತ್ರದ ಮುಂದಿನ ನೆಲದ ಮೇಲೆ ಒಂದು ಬೂದು ಅಥವಾ ಬಿಳಿ ಬಟ್ಟೆ ಹಾಸಿದರೆ ಈ ತೊಂದರೆ ಬಹುಪಾಲು ನಿಲ್ಲುತ್ತದೆ.

ಹೊಳಪಿನ ವಿಚಾರ. ಚಿತ್ರವನ್ನು ಗೋಡೆಗೆ ಒರಗಿಸಿದಾಗ ಅದು ಹಿಂದಕ್ಕೆ ವಾಲಿರುತ್ತದೆ, ಹಿಂದಕ್ಕೆ ವಾಲಿದ ಮೇಲ್ಮೈ ಆಕಾಶವನ್ನು ಪ್ರತಿಫಲಿಸುತ್ತದೆ. ವಾರ್ನಿಷ್ ಅಥವಾ ಗಾಜು ಇದ್ದರಂತೂ ಬಿಳಿಯ ಪರದೆ ಎಳೆದಂತಾಗುತ್ತದೆ. ಬೆಳಕು ಯಾವ ಕೋನದಲ್ಲಿ ಬಿದ್ದೀತೋ ಅದೇ ಕೋನದಲ್ಲಿ ಹಿಂತಿರುಗುತ್ತದೆ ಎಂಬ ಶಾಲೆಯ ಪಾಠವೇ ಇಲ್ಲಿ ಉಪಾಯವನ್ನೂ ಹೇಳುತ್ತದೆ. ಚಿತ್ರದ ಮೇಲಂಚಿನ ಹಿಂದೆ ಒಂದು ಮರದ ತುಂಡನ್ನು ಸಿಕ್ಕಿಸಿ ಅದನ್ನು ನೆಟ್ಟಗೆ, ಬೇಕಿದ್ದರೆ ಕೂದಲೆಳೆಯಷ್ಟು ಮುಂದಕ್ಕೆ, ನಿಲ್ಲಿಸಿ. ಆಗ ಅದು ಆಕಾಶದ ಬದಲು ನಿಮ್ಮ ಬೆನ್ನ ಹಿಂದಿರುವುದನ್ನು ಪ್ರತಿಫಲಿಸುತ್ತದೆ. ನಿಮ್ಮ ಬೆನ್ನ ಹಿಂದೆ ಕಪ್ಪಾದದ್ದೇನಾದರೂ ಇರಲಿ: ದಟ್ಟ ಗಿಡಗಳು, ತೆರೆದ ಬಾಗಿಲಿನ ಕತ್ತಲು, ಇಲ್ಲವೇ ಯಾರಾದರೂ ಹಿಡಿದ ಕಪ್ಪು ಬಟ್ಟೆ. ಲೆನ್ಸಿನ ಮುಂದೆ ಹಾಕುವ, ಪ್ರತಿಫಲನ ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್ ಕೂಡ ಸಹಾಯ ಮಾಡುತ್ತದೆ, ಆದರೆ ಅದಕ್ಕೆ ಮಿತಿಯಿದೆ. ಗಾಜು, ವಾರ್ನಿಷ್‌ನಂತಹ ಮೇಲ್ಮೈಗೆ ಲಂಬವಾದ ರೇಖೆಯಿಂದ ಸುಮಾರು 56 ಡಿಗ್ರಿ ಓರೆಯಾಗಿ ನೋಡಿದಾಗ ಅದು ಅತ್ಯಂತ ಪರಿಣಾಮಕಾರಿ. ನೇರ ಎದುರಿನಿಂದ ನೋಡಿದಾಗ ಹೆಚ್ಚೇನೂ ಮಾಡದು. ಚಿನ್ನದ ರೇಕಿನಂತಹ ಲೋಹದ ಹೊಳಪನ್ನು ಅದು ತೆಗೆಯುವುದಿಲ್ಲ, ಮತ್ತು ಒಂದರಿಂದ ಎರಡು ಸ್ಟಾಪಿನಷ್ಟು ಬೆಳಕನ್ನೂ ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು).

ಮಣ್ಣಿನಕೆಲಸ:

ಮೇಲಿನ ಉತ್ತರದಲ್ಲಿ ಮೋಡದ ಬೆಳಕಿಗೆ ಕೊಟ್ಟ ಸ್ಥಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನಾನು ಮಣ್ಣಿನಲ್ಲಿಯೂ ಕಲ್ಲಿನಲ್ಲಿಯೂ ಕೆಲಸ ಮಾಡುವವನು. ಮೂರು ಆಯಾಮಗಳ ಕೃತಿಗೆ ಮೋಡದ ಬೆಳಕು ಕೊಟ್ಟರೆ ಉಬ್ಬುತಗ್ಗುಗಳೆಲ್ಲ ಚಪ್ಪಟೆಯಾಗಿ, ಬೆರಳಿನ ಗುರುತೂ ಉಳಿಯ ಗುರುತೂ ಮಾಯವಾಗುತ್ತವೆ. ಅಲ್ಲಿ ಬೇಕಾದದ್ದು ಪಕ್ಕದಿಂದ ತಗ್ಗಿ ಬರುವ ಬಿಸಿಲು. ಚಿತ್ರಗಳಲ್ಲಿಯೂ ಚಾಕುವಿನಿಂದ ದಪ್ಪವಾಗಿ ಬಣ್ಣ ಮೆತ್ತಿದವುಗಳಿಗೆ ಇದೇ ಮಾತು ಅನ್ವಯಿಸುತ್ತದೆ: ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋದಾಗ ಮಾತ್ರ ಆ ದಪ್ಪ ಕಣ್ಣಿಗೆ ಸಿಗುತ್ತದೆ. ನೆರಳು ತೀರಾ ಕಪ್ಪಾದರೆ ಎದುರು ಬದಿಯಲ್ಲಿ ಒಂದು ಬಿಳಿ ರಟ್ಟನ್ನು ಹಿಡಿದು ಸ್ವಲ್ಪ ಬೆಳಕನ್ನು ಹಿಂದಿರುಗಿಸಬಹುದು. ಜಲವರ್ಣಕ್ಕೆ ಮಾತ್ರ ಮೋಡವೇ ಸರಿ, ಅದನ್ನು ಒಪ್ಪುತ್ತೇನೆ.

ಶಿಲ್ಪಿಗಳು ಈ ವಿಷಯವನ್ನು ಬಹಳ ಹಿಂದಿನಿಂದಲೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ರೊಮೇನಿಯಾ ಮೂಲದ ಶಿಲ್ಪಿ ಬ್ರಾಂಕೂಷಿ ತಮ್ಮ ಶಿಲ್ಪಗಳನ್ನು ಬೇರೆಯವರು ತೆಗೆದ ಛಾಯಾಚಿತ್ರಗಳಿಂದ ತೃಪ್ತರಾಗದೆ, ಛಾಯಾಚಿತ್ರಕಾರ ಮ್ಯಾನ್ ರೇ ಅವರ ನೆರವಿನಿಂದ ಕ್ಯಾಮೆರಾ ಕೆಲಸ ಕಲಿತು, ತಾವೇ ತೆಗೆಯುತ್ತಿದ್ದರು. ಅವರ ಛಾಯಾಚಿತ್ರಗಳು ಬಹುಪಾಲು ಕಾರ್ಯಾಗಾರದೊಳಗಿನವು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದವರು ಅಮೆರಿಕದ ಡೇವಿಡ್ ಸ್ಮಿತ್ (1906–1965). ನ್ಯೂಯಾರ್ಕ್ ರಾಜ್ಯದ ಬೋಲ್ಟನ್ ಲ್ಯಾಂಡಿಂಗ್‌ನಲ್ಲಿದ್ದ ತಮ್ಮ ಮನೆಯ ಬಯಲಿನಲ್ಲಿ ಲೋಹದ ಶಿಲ್ಪಗಳನ್ನು ನಿಲ್ಲಿಸಿ, ಕ್ಯಾಮೆರಾವನ್ನು ನೆಲದ ಹತ್ತಿರಕ್ಕೆ ಇಳಿಸಿ, ಸರೋವರ, ಬೆಟ್ಟ, ಆಕಾಶಗಳ ಮುಂದೆ ಅವು ಎದ್ದು ಕಾಣುವಂತೆ ತೆಗೆಯುತ್ತಿದ್ದರು. ಕ್ಯಾಮೆರಾ ಕೆಳಗಿದ್ದಾಗ ಮಧ್ಯಮ ಗಾತ್ರದ ಶಿಲ್ಪವೂ ಬೃಹತ್ತಾಗಿ ತೋರುತ್ತದೆ. ಗಾತ್ರವನ್ನು ತಿಳಿಸಬೇಕೆಂಬುದೇ ನಿಮ್ಮ ಉದ್ದೇಶವಾಗಿದ್ದರೆ ಈ ತಂತ್ರವನ್ನು ಬಳಸಬೇಡಿ. ಗಾತ್ರಕ್ಕಿಂತ ಕೃತಿಯ ಗತ್ತನ್ನು ತೋರಿಸಬೇಕೆಂದಿದ್ದರೆ ಧಾರಾಳವಾಗಿ ಬಳಸಿ.

ಹಿನ್ನೆಲೆಯ ಆಯ್ಕೆಯಲ್ಲಿ ನಾನು ಅನುಸರಿಸುವ ಕ್ರಮ ಸರಳವಾಗಿದೆ. ಕೃತಿಯಲ್ಲಿ ಸೂಕ್ಷ್ಮವಾದ ಕೆಲಸ ಹೆಚ್ಚಿದ್ದಷ್ಟೂ ಹಿನ್ನೆಲೆ ಖಾಲಿಯಾಗಿರಬೇಕು. ಎಲೆಗಳ ರಾಶಿ, ಜಲ್ಲಿಕಲ್ಲು, ಸುಲಿದ ಪೋಸ್ಟರುಗಳಿರುವ ಗೋಡೆ, ಇವು ತಾವೇ ಅರ್ಧ ಚಿತ್ರಗಳು. ಸಣ್ಣ ಸಣ್ಣ ಗೆರೆಗಳ ಜಲವರ್ಣವನ್ನು ಅವುಗಳ ಮುಂದೆ ಇಟ್ಟರೆ ಎರಡೂ ಕೆಡುತ್ತವೆ. ಅದೇ ಜಾಗದಲ್ಲಿ ದೊಡ್ಡ ಬಣ್ಣದ ಹರಹುಗಳಿರುವ ಕ್ಯಾನ್ವಾಸ್ ಚೆನ್ನಾಗಿ ನಿಲ್ಲುತ್ತದೆ. ಗಾತ್ರ ತಿಳಿಸಲು ಎಲ್ಲರೂ ಬಲ್ಲ ವಸ್ತುವೊಂದು ಪಕ್ಕದಲ್ಲಿರಲಿ: ಕುರ್ಚಿ, ಬಾಗಿಲಿನ ಹಿಡಿ, ಮೆಟ್ಟಿಲಿನ ಅಂಚು, ಚಿತ್ರವನ್ನು ಹಿಡಿದ ಕೈ. ಆದರೆ ಆ ವಸ್ತು ಅಲ್ಲಿ ಇರಬೇಕಾದದ್ದೇ ಆಗಿರಬೇಕು. ಚಿತ್ರದ ಪಕ್ಕಕ್ಕೆ ಹೂವಿನ ಕುಂಡವನ್ನೋ ಚಹಾದ ಕಪ್ಪನ್ನೋ ತಂದು ಜೋಡಿಸಿದ ಕ್ಷಣ ಅದು ದಿನಬಳಕೆಯ ಜಾಗವಾಗಿ ಉಳಿಯುವುದಿಲ್ಲ, ಅಂಗಡಿಯ ಕಿಟಕಿಯಾಗುತ್ತದೆ. ಜಾಗವನ್ನು ಇದ್ದಂತೆಯೇ ಬಿಟ್ಟು, ಕೃತಿಯನ್ನು ಮಾತ್ರ ಅಲ್ಲಿಗೆ ಒಯ್ಯುವುದು ಒಳ್ಳೆಯದು; ಕಸವನ್ನು ಗುಡಿಸುವುದಕ್ಕಿಂತ ಹೆಚ್ಚಿನ ಸಿದ್ಧತೆ ಬೇಡ.

ಹಳೆಯಚೌಕಟ್ಟು:

ಛಾಯಾಚಿತ್ರ ಹೇಗೆ ಚೆನ್ನಾಗಿ ಬರುತ್ತದೆ ಎಂಬುದನ್ನು ಇಬ್ಬರೂ ವಿವರಿಸಿದ್ದಾರೆ. ಕೃತಿ ಸುರಕ್ಷಿತವಾಗಿ ಒಳಗೆ ಬರುವುದು ಹೇಗೆ ಎಂಬುದರ ಬಗ್ಗೆಯೂ ಹೇಳಬೇಕಾಗಿದೆ, ಏಕೆಂದರೆ ಹಾಳಾದ ಕೃತಿಗಳನ್ನು ಸರಿಪಡಿಸುವವರ ಬಳಿ ಕೆಲಸ ಮಾಡಿದ ನನಗೆ ಇದೇ ಮೊದಲು ಕಣ್ಣಿಗೆ ಬೀಳುತ್ತದೆ.

ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣದಂತಹ ಸೂಕ್ಷ್ಮ ಕೃತಿಗಳ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ ಮಿತಿಗೊಳಿಸುತ್ತಾರೆ. ಲಕ್ಸ್ ಎಂದರೆ ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಮಾನ; ನೇರ ಬಿಸಿಲು ಸುಮಾರು 1,00,000 ಲಕ್ಸ್. ಬೆಳಕಿನಿಂದಾಗುವ ಹಾನಿ ಪ್ರಮಾಣ ಮತ್ತು ಅವಧಿ ಎರಡೂ ಸೇರಿ ಕೂಡುತ್ತಾ ಹೋಗುವಂಥದ್ದು. ಹಾಗಾಗಿ ಬಿಸಿಲಿನ ಒಂದು ಗಂಟೆ ಎಂದರೆ ಸಂಗ್ರಹಾಲಯದ ಬೆಳಕಿನ 2000 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ 250 ದಿನಗಳ ಪ್ರದರ್ಶನಕ್ಕೆ ಸಮ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಎಲ್ಲ ಬಣ್ಣಗಳೂ ಒಂದೇ ರೀತಿ ಮಾಸುವುದಿಲ್ಲ: ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಾವಿ, ಕಂದು ಬಣ್ಣಗಳು ಗಟ್ಟಿಯಾಗಿ ನಿಲ್ಲುತ್ತವೆ, ಹಳೆಯ ಕಡುಗೆಂಪು ಬಣ್ಣವಾದ ಅಲಿಜಾರಿನ್ ಕ್ರಿಮ್ಸನ್‌ನಂಥವು ಬೇಗ ಮಾಸುತ್ತವೆ. ಆದ್ದರಿಂದ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಅಳತೆಗಳನ್ನೂ ಚೌಕಟ್ಟನ್ನೂ ಅದೇ ಗಾತ್ರದ ಖಾಲಿ ಹಾಳೆಯನ್ನಿಟ್ಟು ನಿರ್ಧರಿಸಿಕೊಂಡು, ಎಲ್ಲ ಸಿದ್ಧವಾದ ಮೇಲೆಯೇ ನಿಜವಾದ ಕೃತಿಯನ್ನು ಹೊರಗೆ ತನ್ನಿ. ಕೆಲವು ನಿಮಿಷಗಳ ಕೆಲಸದಿಂದ ಭಯಪಡಬೇಕಾದದ್ದೇನಿಲ್ಲ; ಕೃತಿಯನ್ನು ಬಿಸಿಲಿನಲ್ಲಿ ನಿಲ್ಲಿಸಿಟ್ಟು ಮೂಲೆ ಹುಡುಕುತ್ತಾ ಅಡ್ಡಾಡುವುದು ಬೇಡ.

ಆಕ್ರಿಲಿಕ್ ಬಣ್ಣ ಶಾಖಕ್ಕೆ ಮೆತ್ತಗಾಗುತ್ತದೆ. ಮೆತ್ತಗಾದಾಗ ಧೂಳು ಅಂಟಿಕೊಳ್ಳುತ್ತದೆ, ಮುಖಕ್ಕೆ ಮುಖ ತಾಗಿದ ಎರಡು ಕ್ಯಾನ್ವಾಸುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಮುಚ್ಚಿದ ವಾಹನದಲ್ಲಿ ಅವುಗಳನ್ನು ಬಿಟ್ಟುಹೋಗುವುದು ಬಿಸಿಲಿಗಿಂತ ಕೆಟ್ಟದ್ದು. ಕಾಗದ ಗಾಳಿಯ ತೇವವನ್ನು ಹೀರಿ ಸುರುಳಿಯಾಗುತ್ತದೆ. ಅದನ್ನು ಫೋಮ್ ಬೋರ್ಡಿಗೆ ಕಾಗದದ ಮೂಲೆಗಳಿಂದ ಸಿಕ್ಕಿಸಿ, ಟೇಪನ್ನು ಕೃತಿಗೆ ತಾಗಿಸಬೇಡಿ. ಇದ್ದಿಲು ಮತ್ತು ಪೇಸ್ಟಲ್ ಕೃತಿಗಳನ್ನು ಗಾಳಿ ಬೀಸುವ ದಿನ ಹೊರಗೆ ತರಲೇಬಾರದು ಎಂಬುದು ನನ್ನ ಅಭಿಪ್ರಾಯ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ತಮ್ಮ ವರ್ಣಚಿತ್ರಗಳನ್ನು ಏಕೆಲಿಯ ಮನೆಯಂಗಳದಲ್ಲಿ ಮಳೆ, ಬಿಸಿಲು, ಹಿಮಗಳಿಗೆ ಒಡ್ಡಿ ಇಡುತ್ತಿದ್ದರು, ಅದು ಅವರು ಬೇಕೆಂದೇ ಆಯ್ದ ದಾರಿ. ಆ ಕೃತಿಗಳನ್ನು ಉಳಿಸಿಕೊಳ್ಳುವ ಹೊಣೆ ಈಗ ಸಂರಕ್ಷಕರ ಮೇಲಿದೆ.

ಬಣ್ಣದಹಾಳೆ:

ಮೂವರಿಗೂ ಕೃತಜ್ಞತೆಗಳು. ಚಿತ್ರವನ್ನು ನೆಟ್ಟಗೆ ನಿಲ್ಲಿಸಿದೊಡನೆ ಹೊಳಪು ಬಹುತೇಕ ಹೋಯಿತು. ಗ್ರೇ ಕಾರ್ಡಿನಿಂದ ಕಾಗದದ ಬಿಳಿ ಸರಿಯಾಯಿತು. ಇನ್ನೆರಡು ಸಂದೇಹಗಳಿವೆ. ನನ್ನ ಬಳಿ ಇರುವುದು ಮೊಬೈಲ್ ಕ್ಯಾಮೆರಾ ಮಾತ್ರ. ನಿಂತುಕೊಂಡು ತೆಗೆದರೆ ಚಿತ್ರ ಕೆಳಗೆ ಕಿರಿದಾಗಿ, ಮೇಲೆ ಅಗಲವಾಗಿ ಬರುತ್ತದೆ. ಸುತ್ತಲಿನ ಬೇಡದ ವಸ್ತುಗಳೆಲ್ಲ ಚೌಕಟ್ಟಿನೊಳಗೆ ನುಗ್ಗುತ್ತವೆ. ಎರಡನೆಯದು, ಹಳದಿ ಪ್ರಧಾನವಾದ ಒಂದು ಚಿತ್ರವನ್ನು ಒಣಹುಲ್ಲಿನ ಮುಂದಿಟ್ಟಾಗ, ವೈಟ್ ಬ್ಯಾಲೆನ್ಸ್ ಸರಿಯಿದ್ದರೂ, ಹಳದಿ ಜೀವ ಕಳೆದುಕೊಂಡಂತೆ ಕಾಣುತ್ತದೆ. ಕ್ಯಾಮೆರಾದ ದೋಷವೇ ಇದು?

ನೆರಳುಬೆಳಕು:

ಎರಡನೆಯದು ಕ್ಯಾಮೆರಾದ ದೋಷವಲ್ಲ. ಪ್ಯಾರಿಸ್ಸಿನ ಗೋಬ್ಲಾಂ ಎಂಬ, ಚಿತ್ರಗಳನ್ನು ನೇಯ್ದ ಪರದೆಗಳ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮೇಲ್ವಿಚಾರಕರಾಗಿದ್ದ ರಸಾಯನವಿಜ್ಞಾನಿ ಷೆವ್ರೆಲ್ ಅವರಿಗೆ, ಕಪ್ಪು ನೂಲಿನ ಬಣ್ಣ ಗಾಢವಾಗಿಲ್ಲವೆಂಬ ದೂರು ಬಂದಿತ್ತು. ಪರೀಕ್ಷಿಸಿ ನೋಡಿದಾಗ ನೂಲಿನಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿದ್ದ ಬಣ್ಣಗಳು ಆ ಕಪ್ಪನ್ನು ಸಪ್ಪೆಯಾಗಿ ತೋರಿಸುತ್ತಿದ್ದವು. ಬಣ್ಣಗಳು ಒಂದರ ಪಕ್ಕದಲ್ಲಿ ಒಂದಿದ್ದಾಗ ಪರಸ್ಪರರ ತೋರ್ಕೆಯನ್ನು ಬದಲಿಸುವ ಈ ನಿಯಮವನ್ನು ಅವರು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ನಿಮ್ಮ ಒಣಹುಲ್ಲು ಚಿತ್ರದ ಹಳದಿಗೆ ಮಾಡಿರುವುದು ಇದನ್ನೇ. ಅದೇ ಚಿತ್ರವನ್ನು ಬೂದು ಕಲ್ಲಿನ ಮುಂದೆಯೋ ನೀಲಿ ಬಣ್ಣ ಬಳಿದ ಬಾಗಿಲಿನ ಮುಂದೆಯೋ ಇಟ್ಟು ನೋಡಿ. ಹಳದಿ ತಾನಾಗಿಯೇ ಮೇಲೇಳುತ್ತದೆ. ಕಂಪ್ಯೂಟರಿನಲ್ಲಿ ಹಳದಿಯನ್ನು ಏರಿಸಿ ಇದನ್ನು ಸರಿಪಡಿಸಲು ಹೋಗಬೇಡಿ, ಆಗ ಕೊಳ್ಳುವವರಿಗೆ ನಿಜವಾಗಿಯೂ ಸುಳ್ಳು ಹೇಳಿದಂತಾಗುತ್ತದೆ. ಬದಲಾಯಿಸಬೇಕಾದದ್ದು ಜಾಗವನ್ನು, ಚಿತ್ರದ ಬಣ್ಣವನ್ನಲ್ಲ.

ಮೊಬೈಲಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24ರಿಂದ 26 ಮಿಲಿಮೀಟರಿಗೆ ಸಮನಾದ ಅಗಲ ನೋಟದ್ದು (ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ). ಅದರಲ್ಲಿ ಚಿತ್ರ ದೊಡ್ಡದಾಗಿ ಕಾಣಬೇಕಾದರೆ ತೀರಾ ಹತ್ತಿರ ಹೋಗಬೇಕು. ಹತ್ತಿರ ಹೋದಷ್ಟೂ ಕೋನದ ಸಣ್ಣ ತಪ್ಪೂ ಎದ್ದು ಕಾಣುತ್ತದೆ, ಹಿನ್ನೆಲೆಯೂ ವಿಶಾಲವಾಗಿ ಒಳಗೆ ಬರುತ್ತದೆ. ಎರಡು ಪಟ್ಟಿನ ಆಯ್ಕೆಯನ್ನು ಒತ್ತಿ, ಅಂದರೆ ಸುಮಾರು 50 ಮಿಲಿಮೀಟರಿನ ನೋಟಕ್ಕೆ ಬಂದು, ಹಿಂದಕ್ಕೆ ಸರಿದು ತೆಗೆಯಿರಿ. ಆಗ ಚಿತ್ರದ ಗಾತ್ರ ಅಷ್ಟೇ ಇದ್ದು, ಹಿಂದೆ ಕಾಣುವ ಜಾಗ ಮಾತ್ರ ಕಿರಿದಾಗುತ್ತದೆ. ಕೆಳಗೆ ಕಿರಿದಾಗುವುದಕ್ಕೆ ಕಾರಣ ಲೆನ್ಸ್ ಕೆಳಮುಖವಾಗಿರುವುದು. ಕುಳಿತುಕೊಂಡು, ಲೆನ್ಸನ್ನು ಚಿತ್ರದ ನಡುಮಟ್ಟಕ್ಕೆ ತಂದು, ಮೊಬೈಲನ್ನು ಚಿತ್ರಕ್ಕೆ ಸಮಾನಾಂತರವಾಗಿ ಹಿಡಿದರೆ ಅಂಚುಗಳು ನೆಟ್ಟಗೆ ನಿಲ್ಲುತ್ತವೆ.

ಕಪ್ಪಾದ ಎಲೆಗಳ ನಡುವೆ ಬಿಳಿ ಕಾಗದವಿಟ್ಟಾಗ ಮೊಬೈಲ್ ಒಟ್ಟಾರೆ ದೃಶ್ಯವನ್ನು ಮಧ್ಯಮ ಬೂದು ಮಟ್ಟಕ್ಕೆ ತರಲು ಯತ್ನಿಸಿ ಕಾಗದವನ್ನು ಸುಟ್ಟಂತೆ ಬಿಳಿಚಿಸುತ್ತದೆ. ಮೊಬೈಲಿನ ಪರದೆಯಲ್ಲಿ ಕಾಣುವ ಕಾಗದದ ಮೇಲೆ ಬೆರಳಿಟ್ಟು ಎಕ್ಸ್‌ಪೋಷರನ್ನು ತುಸು ಇಳಿಸಿ, ಅಂದರೆ ದಾಖಲಾಗುವ ಬೆಳಕನ್ನು ಕಡಿಮೆ ಮಾಡಿ. ಪೋರ್ಟ್ರೇಟ್ ಮೋಡ್ ಬಳಸಬೇಡಿ. ಅದು ಹಿನ್ನೆಲೆಯನ್ನು ಮಸುಕು ಮಾಡುವ ಭರದಲ್ಲಿ ಕಾಗದದ ಒರಟು ಅಂಚನ್ನೂ ಮಸುಕು ಮಾಡಿಬಿಡುತ್ತದೆ, ಆ ಅಂಚನ್ನು ತೋರಿಸಬೇಕೆಂದೇ ಅಲ್ಲವೇ ನೀವು ಹೊರಗೆ ಬಂದದ್ದು.

ಮಣ್ಣಿನಕೆಲಸ:

ಎರಡು ಸಣ್ಣ ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಸಾರ್ವಜನಿಕ ಗೋಡೆಯ ಮೇಲೆ ಬೇರೊಬ್ಬ ಕಲಾವಿದರ ಭಿತ್ತಿಚಿತ್ರವಿದ್ದರೆ ಅದನ್ನು ನಿಮ್ಮ ಕೃತಿಗೆ ಹಿನ್ನೆಲೆಯಾಗಿ ಬಳಸಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ, ಆದರೆ ಎಲ್ಲಿಯಾದರೂ ಅದು ಅವರ ಶ್ರಮ, ಅನುಮತಿ ಕೇಳುವುದು ಮರ್ಯಾದೆ. ದಾರಿಹೋಕರ ಮುಖ ಸ್ಪಷ್ಟವಾಗಿ ಬಂದಿದ್ದರೂ ಹೀಗೆಯೇ. ಮತ್ತೆ, ಮೊಬೈಲಿನಲ್ಲಿ ಸ್ಥಳ ಗುರುತಿಸುವ ಆಯ್ಕೆ ಚಾಲೂ ಇದ್ದರೆ ಫೋಟೊದ ಕಡತದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆ. ಮನೆಯ ಮೆಟ್ಟಿಲಿನ ಮೇಲೆಯೇ ತೆಗೆದ ಚಿತ್ರವನ್ನು ಕೊಳ್ಳುವವರಿಗೆ ಕಳುಹಿಸುವ ಮೊದಲು ಆ ಮಾಹಿತಿಯನ್ನು ಅಳಿಸಿಬಿಡಿ.